ಪಿಚರ್‌ನ ಸಂಬಳ ಇಳಿಸಲು ಹೋದದ್ದು

ತಿಂಗಳಿಗೆ ಆರು ಸಾವಿರ ಮಲೇಷ್ಯನ್ ರಿಂಗಿಟ್, ಮೇಲೆ ಎರಡು ಕೋಣೆಯ ಮನೆ. ವಾರಕ್ಕೊಂದು ಮಧ್ಯಾಹ್ನ ಚೆಂಡು ಎಸೆಯುವ ಮನುಷ್ಯನಿಗೆ ನಮ್ಮ ಕಂಪನಿ ಕೊಡುತ್ತಿದ್ದದ್ದು ಇಷ್ಟು. ಕಾರಣ, ಮಾಲೀಕರಾದ ಟಾನ್ ಅವರಿಗಿದ್ದ ಬೇಸ್‌ಬಾಲ್ ಹುಚ್ಚು. ತೈವಾನ್‌ನಲ್ಲಿ ಓದುವಾಗ ಹಿಡಿದದ್ದು ಬಿಟ್ಟಿರಲಿಲ್ಲ. ಸುಬಾಂಗ್ ಜಯಾದ ವಾರಾಂತ್ಯದ ಲೀಗ್‌ನಲ್ಲಿ ಆಡಲು ಕಂಪನಿಯ ಹೆಸರಲ್ಲೇ ಒಂದು ತಂಡ ಸಾಕಿದ್ದರು.

2014ರಲ್ಲಿ ನಾನು ನಿಲಾಯ್‌ನಲ್ಲಿದ್ದ ಅವರ ಬಿಡಿಭಾಗಗಳ ಕಾರ್ಖಾನೆಗೆ ಖರೀದಿ ಮ್ಯಾನೇಜರ್. ದಾವಣಗೆರೆಯ ಮಿಲ್ ಸ್ಟೋರ್ ಒಂದರಲ್ಲಿ ನಟ್ಟು ಬೋಲ್ಟು ವಿಂಗಡಿಸುತ್ತಾ ಶುರುಮಾಡಿದವನು; ಚೌಕಾಸಿಯೇ ನನ್ನ ಡಿಗ್ರಿ. ಆ ವರ್ಷ ಆರ್ಡರ್ ಇಳಿದು ಎಲ್ಲ ಖರ್ಚಿಗೂ ಕತ್ತರಿ ಬಿದ್ದಿತ್ತು. ಪಿಚರ್ ಡ್ಯಾನಿಲೊನ ಕರಾರಿನ ನವೀಕರಣವನ್ನು ಟಾನ್ ನನಗೇ ಒಪ್ಪಿಸಿದರು. ಸಾಧನೆಗೆ ತಕ್ಕಷ್ಟು ಕೊಡು, ಒಂದು ಸೆನ್ ಹೆಚ್ಚಿಗೆ ಬೇಡ ಎಂದರು.

ಡ್ಯಾನಿಲೊ ಫಿಲಿಪೀನ್ಸ್‌ನವನು, ಮೂವತ್ತನಾಲ್ಕರ ಪ್ರಾಯ, ಮಿತಭಾಷಿ. ಹೆಂಡತಿ, ಮಗಳ ಜೊತೆ ನಿಲಾಯ್‌ನಲ್ಲೇ ಇದ್ದ. ಮಗಳು ಅಲ್ಲಿಯ ಶಾಲೆಗೆ ಹೋಗುತ್ತಿದ್ದಳು. ಪಿಚರ್ ಎಂದರೆ ಬ್ಯಾಟುಗಾರನತ್ತ ಚೆಂಡೆಸೆಯುವವನು. ಅಂದರೆ ನಮ್ಮ ಬೌಲರ್ ಎಂದು ನಾನು ಅಂದುಕೊಂಡೆ, ಅಲ್ಲೇ ಎಡವಿದೆ. ಬ್ಯಾಟಿಗೆ ಚೆಂಡು ತಾಗಿದರೆ ಬೌಲರ್ ಸೋತ ಎನ್ನುವುದು ನನ್ನ ಕ್ರಿಕೆಟ್ ಬುದ್ಧಿ. ಇವನೋ ಬೇಕೆಂದೇ ತಾಗಿಸುತ್ತಿದ್ದ. ಕೆಳಗೆ ಎಸೆದು, ಚೆಂಡು ನೆಲದ ಮೇಲೆ ಉರುಳುವಂತೆ ಹೊಡೆಸಿ, ಫೀಲ್ಡರ್‌ಗಳಿಂದ ಔಟ್ ಮಾಡಿಸುವುದೇ ಅವನ ವಿದ್ಯೆ.

ಸಾಧನೆ ಎಂದರೆ ಏನು ಎಂದು ಕೋಚ್‌ನನ್ನು ಕೇಳಿದೆ. ಅವನು ಮೂರು ತಕ್ಕಡಿ ತಂದಿಟ್ಟ. ಒಂದು, ಗೆದ್ದ ಪಂದ್ಯಗಳು. ಇನ್ನೊಂದು, ಬ್ಯಾಟುಗಾರನನ್ನು ಪಿಚರ್ ತಾನೇ ಔಟ್ ಮಾಡುವ ಸ್ಟ್ರೈಕ್‌ಔಟ್. ಮೂರನೆಯದು ಅರ್ನ್ಡ್ ರನ್ ಆವರೇಜ್. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಕಳೆದು, ಉಳಿದದ್ದನ್ನು ಪಿಚರ್‌ನ ತಲೆಗೆ ಕಟ್ಟುವ ಲೆಕ್ಕ. ಮೊದಲೆರಡರಲ್ಲಿ, ಸಾವಿರದ ಎಂಟುನೂರು ಪಡೆಯುವ ನಮ್ಮ ಇನ್ನೊಬ್ಬ ಪಿಚರ್, ಸ್ಥಳೀಯ ಹುಡುಗ ಹಫೀಜ್ ಮುಂದಿದ್ದ. ಮೂರನೆಯದರಲ್ಲಿ ಡ್ಯಾನಿಲೊ ಕೂದಲೆಳೆಯಷ್ಟು ಮುಂದೆ. ಆದರೆ ಬಲವಾದ ತಂಡಗಳೆದುರು ಯಾವಾಗಲೂ ಡ್ಯಾನಿಲೊನನ್ನೇ ಇಳಿಸುತ್ತೇವೆ ಎಂದೂ ಕೋಚ್ ಸೇರಿಸಿದ. ಕಬ್ಬಿಣ ತೂಗಿ ಗೊತ್ತಿದ್ದ ನನಗೆ ತಲೆ ತಿರುಗಿತು.

ಮೆಡಿಕಲ್ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದ ಉಡುಪಿಯ ಶೆಟ್ಟರನ್ನು, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಗೆ ಕರೆದು ಚಹಾ ಕುಡಿಸಿದೆ. ಅಮೆರಿಕದಲ್ಲಾದರೂ ಸಂಬಳಕ್ಕೂ ಸಾಧನೆಗೂ ತಾಳೆ ಇದೆಯೇ ಎಂಬುದು ನನ್ನ ಪ್ರಶ್ನೆ. ಅಲ್ಲಿ ಹೊಸಬರು ಎಷ್ಟೇ ಚೆನ್ನಾಗಿ ಎಸೆದರೂ ಮೊದಲ ಕೆಲವು ವರ್ಷ ನಿಯಮದಿಂದಾಗಿ ಕಡಿಮೆ ಸಂಬಳಕ್ಕೇ ಕಟ್ಟುಬಿದ್ದಿರುತ್ತಾರೆ, ಆಮೇಲೆ ತೋಳು ಸೋಲುವ ಹೊತ್ತಿಗೆ ದೊಡ್ಡ ಕರಾರು ಸಿಗುತ್ತದೆ ಎಂದರು.

“ಹಾಗಾದ್ರೆ ಅವರೂ ದಡ್ಡರೇ?” ಎಂದೆ.

“ದಡ್ಡರಲ್ಲ ಮಾರಾಯ್ರೆ. ಹೋದ ವರ್ಷದ ಬೆಳೆ ನೋಡಿ ಬರುವ ವರ್ಷದ ಗೇಣಿ ಕಟ್ಟುವುದು, ಅಷ್ಟೇ.”

ಚಹಾದ ದುಡ್ಡು ಕೊಟ್ಟದ್ದಷ್ಟೇ ಬಂತು. ನನಗೆ ಗೊತ್ತಿದ್ದ ದಾರಿ ಹಿಡಿದು ಕರಾರು ಬರೆದೆ: ಖಾಯಂ ಮೂರೂವರೆ ಸಾವಿರ, ಗೆದ್ದ ಪ್ರತಿ ಪಂದ್ಯಕ್ಕೆ ಬೋನಸ್. ಅಷ್ಟರಲ್ಲಿ ಎಚ್‌ಆರ್‌ನವರು ಒಂದು ಮಾತು ತಿಳಿಸಿದರು. ಖಾಯಂ ಸಂಬಳ ಐದು ಸಾವಿರಕ್ಕಿಂತ ಕೆಳಗಿಳಿದರೆ, ಅವನ ಕೆಲಸದ ಪರ್ಮಿಟ್‌ನಲ್ಲಿ ಹೆಂಡತಿ ಮಗಳು ಇಲ್ಲಿರುವಂತಿಲ್ಲ.

ಡ್ಯಾನಿಲೊ ಕಾಗದವನ್ನು ಓದಿ ಮಡಿಸಿಟ್ಟ. ಜಗಳವಾಡಲಿಲ್ಲ. ಭಾನುವಾರ ಮೈದಾನಕ್ಕೆ ಬನ್ನಿ, ಶಾರ್ಟ್‌ಸ್ಟಾಪ್‌ನನ್ನು ಮಾತ್ರ ನೋಡಿ ಎಂದ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್ ಅವನು. ಉರುಳಿ ಬರುವ ಚೆಂಡು ಹೆಚ್ಚಾಗಿ ಅವನ ಪಾಲಿಗೇ. ನಮ್ಮಲ್ಲಿ ಆ ಜಾಗ ಟಾನ್ ಅವರ ಬಾಮೈದ ಜೇಸನ್‌ನದು.

ನೋಡಿದೆ. ಚೆಂಡು ಎಡಕ್ಕೆ ಹೋದರೆ ಜೇಸನ್ ಎರಡು ಹೆಜ್ಜೆಯಿಟ್ಟು ಸುಮ್ಮನಾಗುತ್ತಿದ್ದ. ಬಲಕ್ಕೆ ಹೋದರೆ ಅದೂ ಇಲ್ಲ. ಒಂದೇ ರನ್‌ನಿಂದ ಸೋತೆವು. ನನ್ನ ಕರಾರಿನ ಪ್ರಕಾರ ಡ್ಯಾನಿಲೊನ ಆ ದಿನದ ಸಾಧನೆ ಸೊನ್ನೆ. ಫೀಲ್ಡರ್‌ಗಳ ತಪ್ಪು ಕಳೆಯುವ ಲೆಕ್ಕ ಇದೆಯಲ್ಲ, ಅದನ್ನೇ ಹಿಡಿಯೋಣ ಎಂದು ಸಮಾಧಾನ ಹೇಳಿದೆ.

ಅವನು ಭುಜಕ್ಕೆ ಐಸ್ ಕಟ್ಟಿಕೊಳ್ಳುತ್ತಾ ಹೇಳಿದ: “ಕೈಗೆ ಬಂದದ್ದು ಬಿಟ್ರೆ ಅವನ ತಪ್ಪು ಅಂತ ಬರೀತಾರೆ, ಬಾಸ್. ಹತ್ತಿರಾನೇ ಹೋಗದಿದ್ರೆ ಅದು ಹಿಟ್, ಬ್ಯಾಟುಗಾರನ ಗಳಿಕೆ; ರನ್ ನನ್ನ ತಲೆಗೆ. ಜೇಸನ್ ಹತ್ತಿರಾನೇ ಹೋಗಲ್ಲ.”

ಆಮೇಲೆ ಅವನೇ ಬೆಲೆ ಹೇಳಿದ. ಐದು ಸಾವಿರ ಸಾಕು, ಮಗಳು ಶಾಲೆ ಬಿಡಬೇಕಾಗಿಲ್ಲ. ಆದರೆ ಜೇಸನ್‌ನನ್ನು ಆ ಜಾಗದಿಂದ ತೆಗೆದು ದೂರದ ಔಟ್‌ಫೀಲ್ಡ್‌ಗೆ ಕಳಿಸಬೇಕು. ಮಾರುವವನೇ ಸಾವಿರ ಇಳಿಸಿ, ಮಾಲನ್ನೂ ಸುಧಾರಿಸಿಕೊಡುತ್ತೇನೆ ಎಂದದ್ದು ನನ್ನ ಸರ್ವಿಸ್‌ನಲ್ಲೇ ಮೊದಲು. ಹುಮ್ಮಸ್ಸಿನಿಂದ ಟಾನ್ ಬಳಿ ಹೋದೆ.

ಟಾನ್ ತಲೆ ಅಲ್ಲಾಡಿಸಿದರು. “ನೀನು ಸಾವಿರ ಉಳಿಸ್ತೀಯ. ನಾನು ರಾತ್ರಿ ಮನೆಗೆ ಹೋಗಿ ಊಟ ಮಾಡ್ಬೇಕಲ್ಲ. ಆರು ಸಾವಿರಾನೇ ಕೊಡು. ಜೇಸನ್ ಅಲ್ಲೇ ನಿಲ್ಲಲಿ.”

ಹಳೆಯ ದರಕ್ಕೇ ಕರಾರು ಬರೆದು ಡ್ಯಾನಿಲೊನ ಮುಂದಿಟ್ಟೆ. ಹೆಂಡತಿ ಮಗಳು ಉಳಿಯುತ್ತಾರೆ, ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಸಹಿ ಹಾಕಿ, “ಇದರಲ್ಲಿ ಸಾವಿರ ಜೇಸನ್‌ದು,” ಎಂದಷ್ಟೇ ಹೇಳಿ ಎದ್ದುಹೋದ.

ಅವನ ಸಂಬಳ ಅವನ ಸಾಧನೆಗೆ ತಕ್ಕದ್ದಾಗಿತ್ತೇ? ಇವತ್ತಿಗೂ ನನಗೆ ಗೊತ್ತಿಲ್ಲ. ಹೆಚ್ಚಾಯಿತು ಎನ್ನಲು ಹೋದರೆ ಆ ಭಾನುವಾರ ಕಣ್ಣಿಗೆ ಬರುತ್ತದೆ. ಕಡಿಮೆಯಾಯಿತು ಎನ್ನಲು ಖರೀದಿಯವನ ನಾಲಿಗೆ ಏಳುವುದಿಲ್ಲ. ಆದರೂ ಒಂದು ಮಾತು ಕೇಳಿ. ನೀವು ಯಾರದಾದರೂ ಸಂಬಳ ಕತ್ತರಿಸಲು ಕೂತರೆ, ಮೊದಲು ಅವರು ಕೆಲಸ ಮಾಡುವ ಜಾಗಕ್ಕೆ ಒಂದು ದಿನ ಹೋಗಿ, ಅವರನ್ನು ಬಿಟ್ಟು ಅಕ್ಕಪಕ್ಕದವರನ್ನು ನೋಡಿ. ನಿಮ್ಮದೇ ಸಂಬಳದ ಮಾತಾದರೆ, ಮೊತ್ತ ಹೇಳುವ ಮುಂಚೆ ನಿಮ್ಮ ಹಿಂದೆ ಯಾರು ನಿಲ್ಲುತ್ತಾರೆ ಎಂದು ಕೇಳಿ. ಆ ಹೆಸರು ಮಾಲೀಕರ ಮನೆಯವರದಾದರೆ ಚೌಕಾಸಿಗೆ ಇಳಿಯಬೇಡಿ; ದರ ಏರಿಸಿ ಹೇಳಿ, ಸುಮ್ಮನೆ ಕೂತುಬಿಡಿ.