ಎಡಗೈ ಕಲಿತ ಅಕ್ಷರ

ಕೊರೊನಾ ಕಾಲ ಮುಗಿದು ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದಿದ್ದ ವರ್ಷ ಅದು. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಪೆಟ್ಟಿನಿಂದಲೋ ಕಾಯಿಲೆಯಿಂದಲೋ ಕೈಯ ಶಕ್ತಿ ಕಳೆದುಕೊಂಡವರಿಗೆ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದನ್ನು ಮತ್ತೆ ಕಲಿಸುವುದು ನಮ್ಮ ಕೆಲಸ. ಹತ್ತೊಂಬತ್ತು ವರ್ಷದ ಸರ್ವೀಸ್ ಆಗಿತ್ತು. ಯಾರಿಗೆ ಎಷ್ಟು ಬರುತ್ತದೆಂದು ಮೊದಲ ದಿನವೇ ಹೇಳಬಲ್ಲೆ ಎಂದು ನಂಬಿಕೊಂಡಿದ್ದೆ.

ಅಕ್ಟೋಬರಿನಲ್ಲಿ ನಾಗರತ್ನಮ್ಮ ಬಂದರು. ವಯಸ್ಸು ಐವತ್ತೊಂದು, ನಮ್ಮ ಜಿಲ್ಲೆಯದೇ ಕಡಬದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜುಲೈನಲ್ಲಿ ಸ್ಕೂಟರಿನಿಂದ ಬಿದ್ದು, ಕುತ್ತಿಗೆಯಿಂದ ಬಲತೋಳಿಗೆ ಇಳಿಯುವ ನರಗಳು ಹರಿದಿದ್ದವು. ಆಪರೇಷನ್ ಆದರೂ ಬೆರಳುಗಳಿಗೆ ಹಿಡಿತ ಮರಳಿರಲಿಲ್ಲ. ಅವರ ಬೋರ್ಡಿನ ಅಕ್ಷರ ನೋಡಲೆಂದೇ ಪಕ್ಕದ ಶಾಲೆಯವರು ಬರುತ್ತಿದ್ದರಂತೆ. ಕೆಲಸಕ್ಕೆ ಮರಳಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಸರ್ಜನ್ ಅದನ್ನು ಕೊಡುವುದು ನನ್ನ ವರದಿ ನೋಡಿ.

ಬಲಗೈಯ ಕೆಲಸವನ್ನು ಎಡಗೈಗೆ ಕಲಿಸುವ ತರಬೇತಿ ಆರಂಭಿಸಿದೆ. ಮೊದಲ ದಿನ ಎಳೆದ ಗೆರೆಗಳನ್ನು ನೋಡಿ ಫೈಲಿನಲ್ಲಿ ಬರೆದೆ: ‘ಸಹಿ ಸಾಧ್ಯ. ಬೋರ್ಡ್ ಬರವಣಿಗೆ ನಿರೀಕ್ಷಿಸಲಾಗದು.’ ಟೇಬಲಿನ ಆಚೆ ಬದಿಯಲ್ಲಿದ್ದ ಅವರು ಅದನ್ನು ತಲೆಕೆಳಗಾಗಿಯೇ ಓದಿಬಿಟ್ಟರು.

“ಈಗ ಬರಲ್ಲ ಅಂತ ಬರ್ಕಳಿ ಸಾರ್, ಒಪ್ತೀನಿ. ಮುಂದಕ್ಕೂ ಬರಲ್ಲ ಅಂತ ನಿಮಗ್ಯಾರು ಹೇಳಿದ್ರು?”

ಫೈಲ್ ಮುಚ್ಚಿ, ಅಭ್ಯಾಸದ ಇನ್ನೊಂದು ಹಾಳೆಯನ್ನು ಅವರ ಮುಂದಿಟ್ಟೆ. ಬರೆದದ್ದನ್ನು ಮಾತ್ರ ತಿದ್ದಲಿಲ್ಲ.

ಆರು ವಾರದಲ್ಲಿ ಅವರು ಕಾಗದದ ಮೇಲೆ ಓದಬಹುದಾದ ಅಕ್ಷರ ಬರೆದರು. ಬೋರ್ಡಿನ ಮುಂದೆ ಮಾತ್ರ ಸೋಲು. ಎಡಗೈ ಮುಂದೆ ಸರಿದಂತೆ, ಆಗಷ್ಟೇ ಬರೆದುದನ್ನು ಅಂಗೈಯೇ ಒರೆಸಿಕೊಂಡು ಹೋಗುತ್ತಿತ್ತು. ನಾನೋ ಬಲಗೈಯವನು, ನನಗೆ ಗೊತ್ತಿದ್ದ ಉಪಾಯಗಳೆಲ್ಲ ಪುಸ್ತಕದವು, ಯಾವುದೂ ಫಲಿಸಲಿಲ್ಲ. ಡಿಸೆಂಬರಿನಲ್ಲಿ ಅವರು ಬರುವುದನ್ನೇ ನಿಲ್ಲಿಸಿದರು. ಕೈಚೆಲ್ಲಿದರು ಎಂದುಕೊಂಡು ಫೈಲ್ ಒಳಗಿಟ್ಟೆ.

ಫೆಬ್ರವರಿಯಲ್ಲಿ ಅವರದೇ ಫೋನ್ ಬಂತು. “ಒಂದ್ಸಲ ಸ್ಕೂಲ್‌ಗೆ ಬರ್ತೀರಾ ಸಾರ್? ಆಮೇಲೆ ರಿಪೋರ್ಟ್ ಬರೀರಿ.”

ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಯಿಂದ ಬೆಳಿಗ್ಗೆ ಹೊರಟೆ. ಶಾಲೆ ತಲುಪಿದಾಗ ಒಂದನೇ ತರಗತಿಯಲ್ಲಿ ಮಕ್ಕಳ ಸಾಲಿನಲ್ಲಿ, ನೆಲದ ಮೇಲೆ, ಸ್ಲೇಟು ಹಿಡಿದು ಅವರು ಕುಳಿತಿದ್ದರು. ಮೆಡಿಕಲ್ ರಜೆಯಲ್ಲಿದ್ದರೂ ಹೆಡ್ಮಾಸ್ಟರರ ಒಪ್ಪಿಗೆ ಪಡೆದು ಎರಡು ತಿಂಗಳಿಂದ ಹಾಗೆಯೇ ಬರುತ್ತಿದ್ದರಂತೆ. ಪಕ್ಕದಲ್ಲಿದ್ದ ಕಾವ್ಯ ಎಂಬ ಪುಟ್ಟ ಹುಡುಗಿ ಎಡಗೈಯಲ್ಲಿ ಬರೆಯುತ್ತಿದ್ದಳು.

“ಜೂನ್‌ನಲ್ಲಿ ಈ ಮಗೂನ ಎಡಗೈಲಿ ಬರೀಬೇಡ ಅಂತ ಗದರಿಸಿದ್ದೆ, ಬಳಪ ಬಲಗೈಗೆ ಕೊಟ್ಟಿದ್ದೆ. ಅವಳು ನನ್ ಕಣ್ತಪ್ಪಿಸಿ ಎಡಗೈಲೇ ಬರೀತಿದ್ಲು ಸಾರ್,” ಎಂದರು ನಾಗರತ್ನಮ್ಮ, ತಲೆ ತಗ್ಗಿಸಿ. “ನನ್ ಮಾತು ಕೇಳಿ ಅವಳು ಬಿಟ್ಟಿದ್ರೆ, ಈಗ ನಂಗೆ ಹೇಳ್ಕೊಡೋರು ಯಾರಿದ್ರು?”

ಅವರು ಎದ್ದು ಬೋರ್ಡಿನ ಮುಂದೆ ನಿಂತರು. ಕಾವ್ಯ ಕುಳಿತಲ್ಲಿಂದಲೇ ಹೇಳಿದಳು: “ಮಿಸ್, ಇನ್ನೂ ಆ ಕಡೆ ಹೋಗಿ. ಕೈ ಗೆರೆ ಕೆಳಗಿಟ್ಕಳಿ.”

ಮಿಸ್ ಎರಡು ಹೆಜ್ಜೆ ಬಲಕ್ಕೆ ಸರಿದರು, ಮೊಣಕೈ ಇಳಿಸಿದರು. ಅಂಗೈ ಈಗ ಸಾಲಿನ ಕೆಳಗಿತ್ತು. ಸೀಮೆಸುಣ್ಣ ನಿಧಾನವಾಗಿ ಚಲಿಸಿತು: ‘ಕೆರೆಯಲ್ಲಿ ನೀರು ತುಂಬಿದೆ.’ ಅಕ್ಷರಗಳು ತುಸು ವಾಲಿದ್ದವು, ಒಂದೂ ಅಳಿಸಿರಲಿಲ್ಲ. ಮಕ್ಕಳು ಒಕ್ಕೊರಲಿನಿಂದ ಓದಿದರು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಮೂವತ್ತು ವರ್ಷ ಕಲಿಸಿದ ಒಬ್ಬಾಕೆ ಆರು ವರ್ಷದ ಮಗುವಿನ ಮುಂದೆ ವಿದ್ಯಾರ್ಥಿಯಾಗಿ ಕೂತದ್ದು, ಯಾರ ಎಡಗೈ ಬರಹವನ್ನು ತಪ್ಪೆಂದಿದ್ದರೋ ಅವಳಿಂದಲೇ ಕಲಿತದ್ದು, ಆ ಬರಹಕ್ಕಿಂತ ದೊಡ್ಡದಾಗಿ ಕಂಡಿತು.

ಅಂದೇ ಅವರನ್ನು ಕೆಲಸಕ್ಕೆ ಯೋಗ್ಯರೆಂದು ವರದಿ ಬರೆದೆ. ಮಾರ್ಚ್ ಮೊದಲ ವಾರ ಅವರು ಡ್ಯೂಟಿಗೆ ಸೇರಿದರು.

ನಾನೂ ಅಂದಿನಿಂದ ಒಂದು ಅಭ್ಯಾಸ ಬಿಟ್ಟೆ. ರೋಗಿಗೆ ಇಂದು ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನಷ್ಟೇ ಫೈಲಿನಲ್ಲಿ ಬರೆಯುತ್ತೇನೆ. ಮುಂದಿನದು ಅವರಿಗೇ ಗೊತ್ತಿರುವುದಿಲ್ಲ. ನನಗೆ ಹೇಗೆ ಗೊತ್ತಾಗಬೇಕು?