ಅಪ್ಪನ ಫೋನಿಗೆ ಹೋದ ಕೋಡ್

ನಿನಗೆ ಸೀಟು ಸಿಕ್ಕಿತ್ತು, ರೇಣುಕಾ. ಸಿಕ್ಕಿಲ್ಲ ಎಂದು ನಿನಗೆ ಹೇಳಿದವಳು ನಾನು, ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ನಿನ್ನ ಹೆಸರಿಗೆ ಬಂದ ಪತ್ರವನ್ನು ನನ್ನ ಈ ಕಣ್ಣುಗಳಿಂದಲೇ ಓದಿದ್ದೆ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು ನನಗೆ—

ಆಗ ನಾನು ಇಚಲಕರಂಜಿಯ ನಿಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ. ನೀನು ಬಿ.ಎಸ್ಸಿ. ಕೊನೆಯ ವರ್ಷ. ನಿನ್ನ ಅಪ್ಪ ಪಾವರಲೂಮಿನಲ್ಲಿ ದುಡಿಯುತ್ತಿದ್ದರು. ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮರಾಠಿ. ನೀನು ಬಂದು "ಅಕ್ಕಾರ" ಎಂದರೆ ನನಗೆ ತವರಿನವರು ಬಂದಷ್ಟು ಖುಷಿ. ಅಂಥವಳಿಗೇ ಹೀಗೆ ಮಾಡಿದೆನಲ್ಲ!

ಕಾಲೇಜಿನ ಸರ್ವರ್ ಮೇಲಿಂದ ಮೇಲೆ ಕೈಕೊಡುತ್ತಿತ್ತು. ಆ ವರ್ಷ ವಿದ್ಯಾರ್ಥಿಗಳ ಇಮೇಲ್ ಖಾತೆಗಳನ್ನೆಲ್ಲ ಹೊರಗಿನ ಕಂಪನಿಯೊಂದಕ್ಕೆ ಸಾಗಿಸುವುದೆಂದು ಮೇಲಿನವರು ತೀರ್ಮಾನಿಸಿದರು. ಕೆಲಸ ನನ್ನ ತಲೆಗೆ ಬಂತು. ಹೊಸ ಖಾತೆಗೆ ಒಂದು ಫೋನ್ ನಂಬರ್ ಬೇಕು, ಆ ನಂಬರಿಗೆ ಕೋಡ್ ಹೋಗುತ್ತದೆ, ಕೋಡ್ ಇದ್ದವರಿಗೆ ಖಾತೆ ತೆರೆಯುತ್ತದೆ. ಹುಡುಗರಿಗೆ ಅವರವರ ನಂಬರ್ ಹಾಕಿದೆ. ಹುಡುಗಿಯರಿಗೆ ಅಪ್ಪಂದಿರದು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಮದುವೆಯಾದರೆ ಹುಡುಗಿಯ ನಂಬರ್ ಬದಲಾಗುತ್ತದೆ, ಅಪ್ಪನದು ಹಾಗೇ ಇರುತ್ತದೆ— ಇದು ನನ್ನ ಜಾಣತನ! ಮಹಾಗಾಂವದ ನನ್ನ ತವರಿನಲ್ಲಿಯೂ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಎಲ್ಲ ಕಡೆ ನನ್ನ ಹೆಸರಿಗೆ ಅಪ್ಪನ ನಂಬರೇ ಇತ್ತು. ಮದುವೆಯಾದ ಮೇಲೆ ಗಂಡನದಾಯಿತು. ಅದರಲ್ಲಿ ತಪ್ಪೇನೆಂದು ನಾನೆಂದೂ ಕೇಳಿಕೊಂಡವಳಲ್ಲ.

ನೀನು ಕೇಳಿಕೊಂಡಿದ್ದೆ. ಸಾಗಿಸುವ ಸುದ್ದಿ ಬೋರ್ಡಿಗೆ ಬಿದ್ದ ದಿನವೇ ಬಂದು, ನನ್ನ ಮೇಜಿನ ಮೇಲೆ ಬಾಗಿ, ಯಾರಿಗೂ ಕೇಳಿಸದಂತೆ ಹೇಳಿದ್ದೆ: "ಅಕ್ಕಾರ, ನನ್ನ ಖಾತೇಕ ನನ್ನ ನಂಬರ್ ಹಾಕ್ರಿ. ಅಪ್ಪಂದು ಬ್ಯಾಡ್ರಿ. ಎಂ.ಎಸ್ಸಿ.ಗೆ ಭಾಳ ದೂರ ಅರ್ಜಿ ಹಾಕೇನ್ರಿ. ಬಟ್ಟಿ ಬಣ್ಣದ ರಸಾಯನಶಾಸ್ತ್ರ ಕಲಿಸ್ತಾರ ಅಲ್ಲಿ. ಸೀಟ ಸಿಕ್ಕಮ್ಯಾಲ ಮನ್ಯಾಗ ಹೇಳಾಕಿ ಅದೇನಿ."

"ಆತ ಬಿಡವಾ, ಹಾಕ್ತೇನಿ," ಎಂದೆ.

ಹಾಕಲಿಲ್ಲ. ಮರೆತೆ ಎನ್ನಲೇ? ಮರೆತಿರಲಿಲ್ಲ. ಹುಡುಗಿಯರದೆಲ್ಲ ಒಮ್ಮೆಲೇ ಹಾಕಿ ಮುಗಿಸಿದ್ದೆ. ನಿನ್ನೊಬ್ಬಳದನ್ನು ಮತ್ತೆ ತಿದ್ದಲು ಬೇಸರ ಬಂತು, ನಾಳೆ ನೋಡಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕೋಡ್‌ಗಳು ಹೋಗಿಬಿಟ್ಟವು.

ನಿನ್ನ ಅಪ್ಪ ಆಫೀಸಿಗೆ ಫೋನ್ ಮಾಡಿದರು. ಹಿಂದೆ ಮಗ್ಗಗಳ ಖಟಖಟ, ಅದರ ಮೇಲೆ ಅವರ ಕೂಗು: "ಬಾಯಾರ, ನಿಮ್ಮ ಕಾಲೇಜಿಂದ ಏನೋ ಕೋಡ್ ಬಂದೈತಿ ನೋಡ್ರಿ. ಏನ್ರಿ ಇದು?"

ಕಾಲೇಜಿನ ಕೆಲಸದ್ದು, ಮಗಳಿಗೆ ಕೊಡಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆತ್ತ ಅಪ್ಪ ಕೇಳುತ್ತಿದ್ದಾರೆ... "ರೇಣುಕಾನ ಮೇಲ್ ತೆರ್ಯಾಕ್ರಿ. ನೀವು ಅಪ್ಪಾರು, ನೀವ ತೆರದ ನೋಡಿದ್ರೂ ನಡೀತೈತಿ," ಎಂದು ಹೇಗೆ ತೆರೆಯಬೇಕೆಂದೂ ಬಿಡಿಸಿ ಹೇಳಿದೆ. ಫೋನ್ ಇಟ್ಟ ಮೇಲೆ ನಿನ್ನ ಮಾತು ನೆನಪಾಯಿತು. ಆದರೂ ಎದ್ದು ನಿನ್ನನ್ನು ಹುಡುಕಿಕೊಂಡು ಹೋಗಲಿಲ್ಲ.

ಕೆಲವು ದಿನ ಕಳೆದು ಅವರೇ ಬಂದರು, ಕೈಯಲ್ಲಿ ಪೇಡೆಯ ಡಬ್ಬಿ. ನಿನ್ನ ಮದುವೆ ಗೊತ್ತಾಗಿತ್ತು. "ನಿಮ್ಮ ಉಪಕಾರ ಭಾಳ ಆತ್ರಿ ಬಾಯಾರ. ಹುಡುಗಿ ನಮಗ ಹೇಳದನ ದೂರ ಹೋಗೂ ಲೆಕ್ಕ ಹಾಕಿದ್ಲು. ಸೀಟ ಸಿಕ್ಕೈತಿ ಅಂತ ಪತ್ರ ಬಂದಿತ್ತು. ನನ್ನ ತಮ್ಮನ ಕಡಿಂದ ಬರೂದಿಲ್ಲಂತ ಬರಸಿ ಹಾಕಿಸಿದ್ನಿ. ಆಕಿಗೆ ಏನೂ ಗೊತ್ತಿಲ್ರಿ. ಗಡಹಿಂಗ್ಲಜದ ಮನಿತನ, ಛಲೋ ಮಂದಿ."

ಅವರು ಪೇಡೆ ಹಿಡಿದುಕೊಂಡೇ ನಿಂತಿದ್ದರು, ನಾನು ತೆಗೆದುಕೊಂಡು— ಹೌದು, ತಿಂದೆ.

ಅದೇ ಮಧ್ಯಾಹ್ನ ನೀನು ಬಂದೆ. "ಅಕ್ಕಾರ, ನನಗ ಕೋಡ ಬರಲಿಲ್ರಿ. ಖಾತೆ ತೆರ್ಯಾಕ ಆಗವಲ್ದು. ಅಲ್ಲಿಂದ ಏನಾರ ಬಂದೈತೇನ ನೋಡ್ರಿ." ಕೋಡ್ ಬೇಡದ ಆಫೀಸಿನ ಪಾಸ್‌ವರ್ಡಿನಿಂದ ನಾನು ನಿನ್ನ ಖಾತೆ ತೆರೆದೆ. ನೀನು ಮೇಜಿನ ಆಚೆ, ನಿನಗೆ ಕಾಣುತ್ತಿದ್ದುದು ಪರದೆಯ ಬೆನ್ನು. ಈಚೆ ನನಗೆ, ಅಳಿಸಿದ ಪತ್ರಗಳ ಜಾಗದಲ್ಲಿ, ಎಲ್ಲವೂ ಕಂಡಿತು. ಸೀಟು, ಹಾಸ್ಟೆಲು, ವಿದ್ಯಾರ್ಥಿವೇತನ. ಅದರ ಕೆಳಗೆ ನಿನ್ನ ಹೆಸರಿನಲ್ಲಿ ಹೋದ ನಿರಾಕರಣೆ. ಅದಕ್ಕೆ ಅಲ್ಲಿಯವರ ಮರುಪತ್ರ: ಮನಸ್ಸು ಬದಲಿಸುವುದಿದ್ದರೆ ಈ ವಾರದೊಳಗೆ ತಿಳಿಸಿ.

ವಾರ ಮುಗಿದಿರಲಿಲ್ಲ, ರೇಣುಕಾ! ಪರದೆಯನ್ನು ನಿನ್ನ ಕಡೆ ತಿರುಗಿಸಿದ್ದರೆ ಸಾಕಿತ್ತು. ಆದರೆ ಯಾರ ನಂಬರ್ ಹಾಕಿದ್ದೆ, ಯಾಕೆ ಹಾಕಿದ್ದೆ ಎಂದು ಸಾಹೇಬರ ಮುಂದೆ ನಿಂತು ಹೇಳಬೇಕಾಗುತ್ತಿತ್ತು. ಇನ್ನೂ ಕೆಟ್ಟದ್ದನ್ನು ಹೇಳಲೇ? ಅಪ್ಪ ನೋಡಿದ ಮನೆತನ, ಹುಡುಗಿ ಸುಖವಾಗಿರುತ್ತಾಳೆ ಬಿಡು ಎಂದೂ ಒಳಗೊಳಗೇ ಅನ್ನಿಸಿತ್ತು.

"ಏನೂ ಬಂದಿಲ್ಲವಾ," ಎಂದೆ.

"ಸಾಗಿಸೂದ್ರಾಗ ಎಲ್ಲ್ಯಾರ ಕಳದೈತೇನ್ರಿ? ಅವರಿಗೆ ಫೋನ್ ಮಾಡಿ ಕೇಳ್ಲೇನ್ರಿ?"

"ಏನೂ ಕಳದಿಲ್ಲ. ಸಿಕ್ಕಿದ್ರ ಬರತಿತ್ತಲ್ಲ. ನಿನಗ ಸೀಟ ಸಿಕ್ಕಿಲ್ಲವಾ, ಬಿಟ್ಟಬಿಡು."

ಆ ಪತ್ರಗಳನ್ನು ಕಾಯಂ ಅಳಿಸಿದೆ. ಆಮೇಲೆ ಖಾತೆಗೆ ನಿನ್ನ ನಂಬರ್ ಹಾಕಿಕೊಟ್ಟೆ. ನೀನು "ಥ್ಯಾಂಕ್ಸ್ ರೀ ಅಕ್ಕಾರ" ಎಂದು ಹೋದೆ. ಪೇಡೆಯ ಡಬ್ಬಿ ನನ್ನ ಡ್ರಾವರಿನಲ್ಲೇ ಇತ್ತು.

ಮೊನ್ನೆ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಓಡಿ ಬಂದೆ, ಕಾಲು ಮುಟ್ಟಿದೆ. ಜೊತೆಗೆ ನಿನ್ನ ಮಗಳು, ನಿನ್ನದೇ ಹಣೆ, ನಿನ್ನದೇ ಕಣ್ಣು. ಅವಳಿಗೆ ನನ್ನನ್ನು ತೋರಿಸಿ ನಗುನಗುತ್ತ ಹೇಳಿದೆ: "ಇವರ ನೋಡ ನಮ್ಮ ಅಕ್ಕಾರು. ನಿಮ್ಮವ್ವ ಎಂ.ಎಸ್ಸಿ. ಮಾಡೂವಷ್ಟ ಶಾಣ್ಯಾಕಿ ಇರಲಿಲ್ಲಂತ ಎಲ್ಲಾರಕಿಂತ ಮೊದಲ ಇವರಿಗೇ ಗೊತ್ತಾಗಿದ್ದು!"

ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ನಾನು ಕಸಿದದ್ದು ಒಂದು ಸೀಟು ಎಂದು ಇಷ್ಟು ದಿನ ತಿಳಿದಿದ್ದೆ. ನೀನು ನಿನ್ನನ್ನೇ ದಡ್ಡಿ ಎಂದುಕೊಂಡು ಬದುಕಿದ್ದೀಯ, ಈಗ ಮಗಳಿಗೂ ಅದನ್ನೇ ಹೇಳುತ್ತಿದ್ದೀಯ— ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಬಸ್ಸು ಬಂತು. ಆಗಲೂ ಹೇಳಲಿಲ್ಲ.

ನಿನ್ನೆ ನಿನ್ನ ಅಪ್ಪನಿಗೆ ಫೋನ್ ಮಾಡಿ ನಿನ್ನ ನಂಬರ್ ಕೇಳಿದೆ. "ಅಳಿಯಂದು ಕೊಡ್ತೇನಿ ತಗೋರಿ, ಎಲ್ಲಾದಕ್ಕೂ ಅದ ನಂಬರ್," ಎಂದರು.

ಬರೆದುಕೊಳ್ಳಲಿಲ್ಲ. ಮನೆ ಎಲ್ಲಿದೆ ಎಂದಷ್ಟೇ ಕೇಳಿಕೊಂಡೆ. ನಾಳೆ ಗಡಹಿಂಗ್ಲಜದ ಬಸ್ಸು ಹತ್ತುತ್ತೇನೆ. ಬಾಗಿಲು ಯಾರೇ ತೆರೆಯಲಿ, ನೀನು ಹೊರಗೆ ಬರುವವರೆಗೆ ನಿಂತಿರುತ್ತೇನೆ. ನಿನ್ನ ಮಗಳನ್ನೂ ಕರೆ. ನಿನಗೆ ಸೀಟು ಸಿಕ್ಕಿತ್ತೆಂಬುದನ್ನು ಅವಳೂ ನನ್ನ ಬಾಯಿಂದಲೇ ಕೇಳಬೇಕು.