ಕೈ ಹಿಡಿದ ಮೇಲೆಯೇ ‘ಸಿಕ್ಕರು’: ಜೇಜುರಿಯ ಚಪ್ಪರದ ಮುರುಗೆಪ್ಪನವರು

ಪುಣೆಯ ಕನ್ನಡಿಗರಲ್ಲಿ ಸಂಘ ಕಟ್ಟಿದವರು, ಶಾಲೆ ನಡೆಸಿದವರು, ನಾಟಕ ಆಡಿಸಿದವರು ಅನೇಕರಿದ್ದಾರೆ. ಅವರ ಕೆಲಸಕ್ಕೆಲ್ಲ ಒಂದೊಂದು ಕ್ಷೇತ್ರದ ಹೆಸರಿದೆ. ಮಲ್ಹಾರಿ ದೇವರ ಜೇಜುರಿಯ ಜನಜಂಗುಳಿಯಲ್ಲಿ ತಮ್ಮವರಿಂದ ತಪ್ಪಿಸಿಕೊಂಡ ಯಾತ್ರಿಕರನ್ನು ಮರಳಿ ತಮ್ಮವರಿಗೆ ಒಪ್ಪಿಸುವ ಕೆಲಸಕ್ಕೆ ಅಂಥ ಹೆಸರಿಲ್ಲ. ಮೂವತ್ತೊಂದು ವರ್ಷಗಳಿಂದ, ಸೋಮವತಿ ಅಮಾವಾಸ್ಯೆ ಬಂದಾಗಲೆಲ್ಲ ಬೆಟ್ಟದ ಬುಡದ ಚಪ್ಪರದಲ್ಲಿ ಕುಳಿತು ಆ ಕೆಲಸ ಮಾಡಿದವರು, ಈಗ ಎಪ್ಪತ್ತೈದು ತುಂಬಿ ನಮ್ಮ ಯಾತ್ರಿಕ ಸೇವಾಮಂಡಳಿಯಿಂದ ನಿವೃತ್ತರಾಗುತ್ತಿರುವ ಶ್ರೀ ಮುರುಗೆಪ್ಪ ಹಿಪ್ಪರಗಿಯವರು. ಅವರ ಬಗ್ಗೆ ಬರೆಯುವುದು ನನ್ನ ಭಾಗ್ಯ.

ಆದರೆ ಮಂಡಳಿಯ ಈ ಸಂಚಿಕೆಯ ಸಂಪಾದಕರು ನನಗೆ ಕೊಟ್ಟ ವಿಷಯ ‘ಹೊಸ ತಂತ್ರಜ್ಞಾನ ಮನುಕುಲದ ನಾಳೆಗೆ ಒಳಿತೇ?’ ಎಂಬುದು. ಒಳಿತು ಅಂತಲೇ ಬರೀಬೇಕು ಎಂದು ಒಮ್ಮೆ, ಹಿರಿಯರಿಗೆ ಬೇಸರ ಆಗಬಾರದು ಎಂದು ಇನ್ನೊಮ್ಮೆ ಫೋನ್ ಮಾಡಿದ್ದಾರೆ. ಮನುಕುಲದ ಸಂಗತಿ ನನಗೆ ಗೊತ್ತಿಲ್ಲ. ಕಳೆದ ಸೋಮವತಿಯಂದು ಏನಾಯಿತೆಂಬುದು ಗೊತ್ತು. ಆ ದಿನದ ನನ್ನ ದಿನಚರಿ ಹನ್ನೊಂದು ಪುಟವಾಗಿದೆ, ಅದರಲ್ಲಿ ಆರು ಪುಟ ಬರೀ ಸಿಟ್ಟು.

ಇಂಡಿ ತಾಲೂಕಿನಿಂದ ಬಂದ ಮುರುಗೆಪ್ಪನವರು ಖಡಕಿಯ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತಾರು ವರ್ಷ ದುಡಿದರು. ಒಯ್ಯುವವನು ಸಹಿ ಮಾಡುವ ತನಕ ಸರಕು ಕೊಟ್ಟಂತಲ್ಲ ಎಂಬ ಉಗ್ರಾಣದ ನಿಯಮವನ್ನೇ ಅವರು ಚಪ್ಪರಕ್ಕೂ ತಂದರು. ದಪ್ಪ ರಟ್ಟಿನ ಪುಸ್ತಕದಲ್ಲಿ ತಪ್ಪಿಸಿಕೊಂಡವರ ಹೆಸರು, ಊರು ಬರೆದು ಕೊನೆಯ ಕಾಲಂ ಖಾಲಿ ಬಿಡುವರು. ಮನೆಯವರು ಬಂದು ಕೈ ಹಿಡಿಯಬೇಕು. ತಪ್ಪಿಸಿಕೊಂಡವರು ‘ಹೌದು, ಇವರು ನಮ್ಮವರೇ’ ಅನ್ನಬೇಕು. ಆಮೇಲೆಯೇ ಅಲ್ಲಿ ‘ಸಿಕ್ಕರು’ ಎಂದು ಬರೆಯುವುದು. ಅದಕ್ಕೆ ಮೊದಲು ಆ ಮಾತನ್ನು ಚಪ್ಪರದಲ್ಲಿ ಯಾರೂ ಆಡುವಂತಿಲ್ಲ.

ಆರು ವರ್ಷದ ಹಿಂದೆ ಅಪ್ಪನ ಒತ್ತಾಯಕ್ಕೆ ಅಲ್ಲಿಗೆ ಹೋಗಿ, ಕಂಬದ ಹಿಂದೆ ನಿಂತಿದ್ದ ನನ್ನ ಕೈಗೆ ಅವರು ಆ ಪುಸ್ತಕ ಕೊಟ್ಟರು. “ಇಂದೂ, ನೀ ಬರಿ. ಮಾತಾಡೋರು ಇಲ್ಲಿ ಬೇಕಾದಷ್ಟು ಮಂದಿ ಅದಾರ,” ಎಂದರು. ನನ್ನ ಮೌನವನ್ನು ಯಾರಾದರೂ ಕೆಲಸಕ್ಕೆ ಹಚ್ಚಿದ್ದು ಅದೇ ಮೊದಲು. ತಪ್ಪಿಸಿಕೊಂಡು ಬಂದ ಮುದುಕರಿಗೆ ಅವರು ಚಹಾ ಕೊಟ್ಟು, ಬುತ್ತಿ ಯಾರ ಹತ್ತಿರ ಇದೆ ಎಂದು ಕೇಳುವರು. ಫೋನ್ ನಂಬರು ಮರೆತವರಿಗೂ ರೊಟ್ಟಿಯ ಗಂಟು ಯಾರ ಕೈಯಲ್ಲಿದೆಯೆಂಬುದು ನೆನಪಿರುತ್ತದೆ. ಆಮೇಲೆ ಮೈಕಿನಲ್ಲಿ ಕೂಗುವರು: “ಹತ್ತರಗಿ ಮಂದಿ ಕೇಳ್ರಿ! ನಿಮ್ಮ ಸಾತವ್ವ ಕಳದಿಲ್ಲ, ಇಲ್ಲೇ ಚಾ ಕುಡಕೋತ ಕುಂತಾಳ. ಕಳದವ್ರು ನೀವು. ಲಗೂನ ಬರ್ರಿ!” ಅಳುತ್ತಿದ್ದ ಸಾತವ್ವ ಅದನ್ನು ಕೇಳಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತದ್ದನ್ನು ನಾನು ಕಂಡಿದ್ದೇನೆ.

ಕಳೆದ ಸಲ ಮಂಡಳಿಯ ಸಮಿತಿ ಮೈಕನ್ನು ರದ್ದು ಮಾಡಿತು. ವಿಮಾನ ನಗರದ ಕಂಪನಿಯೊಂದರಲ್ಲಿರುವ ಶಮಂತ್ ಎಂಬ ತರುಣ ಒಂದು ಆ್ಯಪ್ ಮಾಡಿಕೊಟ್ಟಿದ್ದ. ಬೆಳಿಗ್ಗೆ ಬಸ್ಸಿಳಿದ ಯಾತ್ರಿಕರ ಫೋಟೋ ತೆಗೆದು ಮನೆಯವರ ನಂಬರು ಸೇರಿಸಿಟ್ಟರೆ ಸಾಕು. ತಪ್ಪಿಸಿಕೊಂಡವರ ಮುಖಕ್ಕೆ ಫೋನ್ ಹಿಡಿದೊಡನೆ ಹೆಸರು ಬರುತ್ತದೆ, ಮನೆಯವರಿಗೆ ‘ಸಿಕ್ಕಿದ್ದಾರೆ’ ಎಂಬ ಸಂದೇಶ ತಾನಾಗಿ ಹೋಗುತ್ತದೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮುರುಗೆಪ್ಪನವರಿಗೆ ಹೇಳಲಾಗಿತ್ತು. ಅವರು ಪುಸ್ತಕ ಹಿಡಿದೇ ಬಂದರು.

ಜೇಜುರಿಯಲ್ಲಿ ಅರಿಶಿನದ ಭಂಡಾರ ಹಾರಿಸುತ್ತಾರೆಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸಮಿತಿಯ ಹದಿನಾಲ್ಕು ಮಂದಿ ಸದಸ್ಯರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ! ಹನ್ನೊಂದರ ಹೊತ್ತಿಗೆ ಹಣೆ, ಕೆನ್ನೆ, ರೆಪ್ಪೆ, ಮೀಸೆ ಎಲ್ಲವೂ ಅರಿಶಿನವಾಗಿ, ಬೆಳಗಿನ ಫೋಟೋದ ಮುಖ ಒಂದೂ ಉಳಿದಿರಲಿಲ್ಲ.

ಒಂದು ಗಂಟೆಗೆ ಬಂದ ಅಜ್ಜಿಯೊಬ್ಬರ ಮುಖಕ್ಕೆ ಶಮಂತ್ ಫೋನ್ ಹಿಡಿದ. ‘ರಂಗೂಬಾಯಿ, ಅಫಜಲಪುರ’ ಎಂದು ಬಂತು. ಸಂದೇಶವೂ ಹೋಯಿತು.

“ಬುತ್ತಿ ಯಾರ ಹತ್ರ ಅದರೀ ಅವ್ವಾರ?” ಎಂದು ಮುರುಗೆಪ್ಪನವರು ಕೇಳಿದರು.

“ನಮ್ಮ ತಂಗಿ ಹತ್ರ. ನಾ ಕಾಶವ್ವ, ಸಿಂದಗಿಯಾಕಿ.”

“ಇವ್ರಿಗೆ ಮರೆವು ಇರ್ಬೋದು ಸರ್. ಸಿಸ್ಟಮ್ ತೊಂಬತ್ತೆರಡು ಪರ್ಸೆಂಟ್ ಮ್ಯಾಚ್ ತೋರಿಸ್ತಿದೆ,” ಎಂದ ಶಮಂತ್.

“ನನ್ನ ಹೆಸರು ನನಗ ಗೊತ್ತಿಲ್ಲೇನೋ ಯಪ್ಪಾ?”

ಮುಖ ತೊಳೆದು ಬನ್ನಿ ಎಂದು ಅವನು ಕೈಮುಗಿದ. ದೇವರ ಭಂಡಾರವನ್ನು ಮನೆ ಮುಟ್ಟುವ ತನಕ ತೊಳೆಯುವುದಿಲ್ಲ ಎಂದು ಅಜ್ಜಿ ಮುಖ ತಿರುಗಿಸಿದರು. “ಆಫೀಸ್‌ನಲ್ಲಿ ಎಷ್ಟು ಸಲ ಟೆಸ್ಟ್ ಮಾಡಿದ್ವಿ ಸರ್,” ಎಂದು ಶಮಂತ್ ಗೊಣಗಿದ.

“ಆಫೀಸ್‌ನ್ಯಾಗ ಭಂಡಾರ ಹಾರಿಸಿದ್ರೇನಪಾ?” ಎಂದು ಅಜ್ಜಿ ಕೇಳಿದರು.

ನಮಗೆಲ್ಲ ನಗು ಬಂತು. ಮುರುಗೆಪ್ಪನವರು ಮಾತ್ರ ನಗದೆ ರಂಗೂಬಾಯಿಯ ಮಗ ಮಾಂತುವಿಗೆ ಫೋನ್ ಮಾಡಿಸಿದರು. ತಾಯಿ ಹನ್ನೊಂದಕ್ಕೆ ತಪ್ಪಿಸಿಕೊಂಡಿದ್ದರು. ಸಂದೇಶ ನೋಡಿ ಅವನು ಹುಡುಕುವುದನ್ನು ಬಿಟ್ಟು ಊಟಕ್ಕೆ ಕುಳಿತಿದ್ದ. ಸಕ್ಕರೆ ಕಾಯಿಲೆಯ ತಾಯಿ ಹತ್ತೂವರೆಗೆ ಇಂಜೆಕ್ಷನ್ ತೆಗೆದುಕೊಂಡಿದ್ದರು, ಇನ್ನೂ ಉಂಡಿರಲಿಲ್ಲ, ಬುತ್ತಿ ಮಗನ ಚೀಲದಲ್ಲೇ ಇತ್ತು. ಚಪ್ಪರದಲ್ಲಿ ಯಾರಿಗೂ ನಗು ಉಳಿಯಲಿಲ್ಲ.

“ರಂಗೂಬಾಯಿದು ಮುಂಜಾನಿ ಫೋಟೋ ತೋರ್ಸು,” ಎಂದು ಮುರುಗೆಪ್ಪನವರು ಶಮಂತನಿಗೆ ಹೇಳಿದರು. ಫೋಟೋದಲ್ಲಿ ಅಜ್ಜಿಯ ಕೋಲಿನ ಹಿಡಿಗೆ ಹಸಿರು ಪ್ಲಾಸ್ಟಿಕ್ ಸುತ್ತಿದ್ದು ಕಂಡಿತು. ತೆಂಗಿನಕಾಯಿ ಅಂಗಡಿಯವನ ಧ್ವನಿವರ್ಧಕವನ್ನು ಕೇಳಿ ಪಡೆದು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಆ ಕೋಲಿನ ಗುರುತನ್ನು ಕೂಗುತ್ತಲೇ ಇದ್ದರು. ಇಪ್ಪತ್ತು ನಿಮಿಷಕ್ಕೆ, ಮೆಟ್ಟಿಲ ಪಕ್ಕದ ಹೂವಿನಂಗಡಿಯಲ್ಲಿ ಬೆವರಿ, ಕೈಕಾಲು ನಡುಗುತ್ತ ಕೂತಿದ್ದ ರಂಗೂಬಾಯಿಯನ್ನು ಇಬ್ಬರು ತರುಣರು ಹಿಡಿದುಕೊಂಡು ಬಂದರು. ಹೂವಿನಾಕೆ ಬಾಯಿಗೆ ಬೆಲ್ಲ ಹಾಕಿದ್ದಳು, ಅದಕ್ಕೇ ಎಚ್ಚರವಿತ್ತು. ಮಾಂತು ಓಡಿಬಂದು ಕೈ ಹಿಡಿದ.

“ಇಂವ ನಿಮ್ಮಂವ ಹೌದಲ್ರೀ?” ಎಂದು ಮುರುಗೆಪ್ಪನವರು ಕೇಳಿದರು. ಅಜ್ಜಿ ಮಗನ ಹಿಡಿತದಿಂದ ಕೈ ಬಿಡಿಸಿಕೊಂಡರು.

“ಫೋನ್‌ನ್ಯಾಗ ಸಿಕ್ಕಾಳ ಅಂತ ಬಂದಿತ್ತಬೇ,” ಎಂದ ಮಾಂತು.

“ಹಂಗಾರ ಫೋನ್‌ನ್ಯಾಗ ಸಿಕ್ಕಾಕಿನ್ನ ಕರಕೊಂಡು ಹೋಗು.”

“ಇಂದೂ, ಕಾಲಂ ಖಾಲಿ ಇರ್ಲಿ,” ಎಂದರು ಮುರುಗೆಪ್ಪನವರು. ಅಜ್ಜಿ ಒಂದೂವರೆ ರೊಟ್ಟಿ ಉಂಡು, ಮಗನ ಅಂಗಿಯಲ್ಲೇ ಕೈ ಒರೆಸಿ, “ನಮ್ಮಂವನ ಅದಾನ, ಬರಕೋ,” ಅಂದ ಮೇಲೆಯೇ ನಾನು ಬರೆದದ್ದು. ಕಾಶವ್ವನ ತಂಗಿ ಮೂರಕ್ಕೆ ಬಂದರು.

ನನಗೆ ಶಮಂತ್ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮುರುಗೆಪ್ಪನವರು ಅವನ ಬೆನ್ನು ತಟ್ಟುತ್ತಿದ್ದರು! “ಫೋಟೋ ಇರಲಿಲ್ಲಂದ್ರ ಕೋಲು ಎಲ್ಲಿ ಕಾಣ್ತಿತ್ತು? ಅದು ಭಾಳ ಛಲೋ ಅದ. ‘ಸಿಕ್ಕಾರ’ ಅನ್ನೋ ಮಾತು ಅದರ ಬಾಯಾಗ ಇಟ್ಟವ್ರು ನಾವು, ಅದು ತಗೀರಿ.” ಶಮಂತ್ ಅಂದು ಸಂಜೆಯೇ ತೆಗೆದ. ಸಂದೇಶ ಬೇಗ ಹೋದರೆ ನಾಲ್ಕು ಜನ ಮೆಚ್ಚುತ್ತಾರೆಂದು, ಮುಂದಿನ ಸಲಕ್ಕೆ ಅದನ್ನು ಮತ್ತೆ ಹಾಕಲು ಸಮಿತಿ ತೀರ್ಮಾನಿಸಿದೆಯಂತೆ. ಅದೇ ಸಭೆಯಲ್ಲಿ ಮುರುಗೆಪ್ಪನವರ ನಿವೃತ್ತಿಯೂ ತೀರ್ಮಾನವಾಯಿತು.

ಮಾನ್ಯ ಸಂಪಾದಕರೇ, ಒಳಿತೋ ಕೆಡುಕೋ ಎಂದು ನನ್ನನ್ನು ಕೇಳಿ ದಣಿಸಬೇಡಿ. ಮೂರು ತಾಸು ಹಸಿದು ಕೂತ ಒಬ್ಬ ತಾಯಿಯನ್ನು, ಸಿಕ್ಕಿದ್ದಾರೆ ಎಂದು ಹೇಳಿ ನಿಜವಾಗಿ ಕಳೆದವರು ನಾವು. ಮುರುಗೆಪ್ಪನವರಿಗೆ ಮಲ್ಹಾರಿ ನೂರು ವರ್ಷ ತುಂಬಿಸಲಿ, ಕಣ್ಣು ಕಂಠ ಗಟ್ಟಿಯಾಗಿರಲಿ, ಶಮಂತನ ಫೋನಿನ ಪಕ್ಕದಲ್ಲೇ ಅವರ ಪುಸ್ತಕವೂ ಬಹುಕಾಲ ತೆರೆದಿರಲಿ ಎಂದು ಹಾರೈಸುತ್ತೇನೆ. ಸಮಿತಿಯವರಲ್ಲಿ ನನ್ನದೊಂದೇ ಅರಿಕೆ: ಮೊದಲು ಆ ಸಂದೇಶ ತೆಗೆಯಿರಿ. ಶಾಲು, ಹಾರ ಆಮೇಲೆ.